ಒಂದು ಕ್ಲ್ಯಾಂಪ್, ಎರಡು ಜಾಗ, ಮೂರು ಬಗೆಯ ಗಿರಾಕಿಗಳು

ನಮ್ಮದು 9 ಜನರ ವರ್ಕ್‌ಶಾಪ್. ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಲೇತ್, ಒಂದು ಮಿಲ್ಲಿಂಗ್ ಮಷಿನ್, ಮೂಲೆಯಲ್ಲಿ ಒಂದು ಹಳೆಯ ಗ್ರೈಂಡರ್. ಬೇರೆಯವರು ಕೊಟ್ಟ ಡ್ರಾಯಿಂಗ್ ನೋಡಿಕೊಂಡು ಪಿನ್ನು, ಬುಷ್ಷು, ಸ್ಪೇಸರ್ ಮಾಡಿಕೊಡುವ ಜಾಬ್ ವರ್ಕ್ ನಮ್ಮ ಹೊಟ್ಟೆಪಾಡು. ನಮ್ಮದೇ ಎಂದು ಹೇಳಿಕೊಳ್ಳುವಂಥ ಒಂದು ವಸ್ತು ಬಹಳ ವರ್ಷ ನಮ್ಮ ಹತ್ತಿರ ಇರಲಿಲ್ಲ. ಈಗ ಒಂದಿದೆ. ಅಂಗೈಯಷ್ಟು ದೊಡ್ಡದಾದ ಕ್ಲ್ಯಾಂಪ್. ಅದು ಹುಟ್ಟಿದ್ದು ಹೇಗೆ, ಮಧ್ಯದಲ್ಲಿ ಜಾಗ ಬದಲಾಯಿಸಿದಾಗ ಏನಾಯ್ತು, ಒಂದೇ ಕೆಲಸವನ್ನು ಬೇರೆ ಬೇರೆ ಉದ್ಯಮದ ಗಿರಾಕಿಗಳು ಹೇಗೆ ನೋಡಿದರು ಅನ್ನೋದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಶುರುವಾದಾಗ ನಾವಿದ್ದ ಜಾಗದಲ್ಲಿ ನಮ್ಮಂಥ ವರ್ಕ್‌ಶಾಪ್ ಬೇರೆ ಇರಲಿಲ್ಲ. ಬಾಡಿಗೆ ಕಡಿಮೆ, ಜಾಗ ಧಾರಾಳ, ಗಲಾಟೆ ಇಲ್ಲ. ಹತ್ತಿರದಲ್ಲಿ ಒಂದು ಬಾಟ್ಲಿಂಗ್ ಪ್ಲಾಂಟ್ ಇತ್ತು. ಅಲ್ಲಿ ಮುರಿದ ಶಾಫ್ಟ್, ಸವೆದ ಬುಷ್ ಎಲ್ಲ ನಮ್ಮಲ್ಲಿಗೇ ಬರುತ್ತಿತ್ತು. ಒಂದು ದಿನ ಅಲ್ಲಿನ ಮೇಂಟೆನೆನ್ಸ್ ಹುಡುಗ ಒಂದು ಬೋಲ್ಟ್ ಹಿಡಿದುಕೊಂಡು ಬಂದ. ಅದರ ತಲೆ ಸ್ಪ್ಯಾನರ್ ತಾಗಿ ತಾಗಿ ದುಂಡಗಾಗಿತ್ತು.

"ಸರ್, ಬಾಟಲಿ ಸೈಜ್ ಬದಲಾದಾಗಲೆಲ್ಲ ಇಂಥ 24 ಬೋಲ್ಟ್ ಬಿಚ್ಚಿ ಕಟ್ಟಬೇಕು. ಅಷ್ಟು ಹೊತ್ತೂ ಲೈನ್ ನಿಂತಿರುತ್ತೆ. ಏನಾದ್ರೂ ಮಾಡಿಕೊಡಿ" ಅಂದ.

ಬಾಟಲಿಗಳನ್ನು ಸಾಲಾಗಿ ಹಿಡಿದಿಡುವ ಗೈಡ್ ಪಟ್ಟಿಗಳ ವಿಷಯ ಅದು. ದೊಡ್ಡ ಬಾಟಲಿಯಿಂದ ಸಣ್ಣದಕ್ಕೆ ಹೋದಾಗ ಪಟ್ಟಿಗಳನ್ನು ಒಳಕ್ಕೆ ಸರಿಸಬೇಕು. ನಾನು ತಕ್ಷಣ ಯೋಚಿಸಿದ್ದು ಗಟ್ಟಿ ಬೋಲ್ಟ್ ಬಗ್ಗೆ. ಬೋಲ್ಟೇ ಬೇಡ ಅಂದವರು ಲೇತ್ ಮೇಲೆ ಕೆಲಸ ಮಾಡುವ ನಮ್ಮ ಹಿರಿಯ ಟರ್ನರ್. ಅವರ ಮಗನ ಸೈಕಲ್‌ನಲ್ಲಿ ಮುಂದಿನ ಚಕ್ರ ಬಿಚ್ಚೋಕೆ ಒಂದು ಲಿವರ್ ಇತ್ತು. ಲಿವರ್ ತಿರುಗಿಸಿದರೆ ಬಿಗಿ, ಎತ್ತಿದರೆ ಸಡಿಲ. "ಇದನ್ನೇ ದೊಡ್ಡದು ಮಾಡಿದ್ರೆ ಆಗಲ್ವಾ?" ಅಂದರು.

ಆ ಲಿವರ್‌ನ ಹಿನ್ನೆಲೆಯನ್ನು ಆಮೇಲೆ ಓದಿದೆ. ಅದನ್ನು ಮಾಡಿದವರು ಇಟಲಿಯ ಟುಲಿಯೊ ಕಂಪಾನ್ಯೋಲೊ. ಅವರೇ ಸೈಕಲ್ ರೇಸಿಗೆ ಹೋಗುತ್ತಿದ್ದವರು. ಚಳಿಯಲ್ಲಿ ಚಕ್ರ ಬಿಚ್ಚುವ ಕಷ್ಟ ಅವರ ಸ್ವಂತ ಬೆರಳುಗಳಿಗೆ ಗೊತ್ತಿತ್ತು. 1933ರಲ್ಲಿ ವಿಚೆಂಜಾದಲ್ಲಿ ಕಂಪನಿ ಶುರು ಮಾಡಿದರು. ಒಂದು ಕಸುಬಿನಲ್ಲಿ ಹಳೆಯದಾಗಿ ಹೋದ ಉಪಾಯ ಇನ್ನೊಂದು ಕಸುಬಿಗೆ ಹೊಸದು. ನಮ್ಮ ಕ್ಲ್ಯಾಂಪ್ ಶುರುವಾಗಿದ್ದೇ ಹಾಗೆ. ಬಾಟಲಿಯವನ ಕಷ್ಟ, ಸೈಕಲ್‌ನ ಉಪಾಯ, ನಮ್ಮ ಲೇತ್. ಈ ಮೂರೂ ಆ ಒಂಟಿ ಜಾಗದಲ್ಲೇ ಒಟ್ಟಿಗೆ ಬಂದವು. ದೂರದ ಜಾಗದಲ್ಲಿ ಹೊಸದೇನೂ ಹುಟ್ಟಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಾಕೆಂದರೆ ಕಷ್ಟ ಇರುವವನು ಅಲ್ಲೇ ನಮ್ಮ ಪಕ್ಕದಲ್ಲಿದ್ದ.

ಆದರೆ ಹುಟ್ಟಿದ್ದು ಬೆಳೆಯಬೇಕಲ್ಲ.

ಮೊದಲ ಸ್ಯಾಂಪಲ್ ಸಾದಾ ಉಕ್ಕಿನಲ್ಲಿ ಮಾಡಿದೆವು. ಮೇಲ್ಮೈ ಗಟ್ಟಿಯಾಗಲಿ ಅಂತ ಹಾರ್ಡನಿಂಗ್, ತುಕ್ಕು ಹಿಡಿಯದಿರಲಿ ಅಂತ ಜಿಂಕ್ ಪ್ಲೇಟಿಂಗ್. ಹಾರ್ಡನಿಂಗ್ ಮಾಡುವವರು ಅರ್ಧ ದಿನದ ದಾರಿಯಲ್ಲಿದ್ದರು. ವಾರಕ್ಕೊಮ್ಮೆ ಮಾತ್ರ ಸಣ್ಣ ಲಾಟ್ ತೆಗೆದುಕೊಳ್ಳುತ್ತಿದ್ದರು. ಪ್ಲೇಟಿಂಗ್ ಇನ್ನೊಂದು ದಿಕ್ಕಿಗೆ. ಪಾರ್ಸೆಲ್ ಹೋಗಿ ಬಂದು, ಜೋಡಿಸಿ, ಪ್ಲಾಂಟ್‌ನಲ್ಲಿ ಲೈನ್ ನಿಲ್ಲುವ ದಿನಕ್ಕೆ ಕಾದು ಹಾಕಿ ನೋಡುವಷ್ಟರಲ್ಲಿ 16 ದಿನ. ಒಂದು ಸ್ಯಾಂಪಲ್ ಮಾಡಿ, ಹಾಕಿ ನೋಡಿ, ತಪ್ಪು ಕಂಡುಕೊಳ್ಳುವುದನ್ನು ನಾವು 'ಒಂದು ಸುತ್ತು' ಅಂತ ಕರೆಯುತ್ತಿದ್ದೆವು. ಗೋಡೆಯ ಮೇಲೆ ಪ್ರತಿ ಸುತ್ತಿಗೂ ಒಂದು ಗೆರೆ ಎಳೆಯುತ್ತಿದ್ದೆ.

ತೊಳೆಯುವ ನೀರು ಬಿದ್ದು ಬಿದ್ದು ಪ್ಲೇಟಿಂಗ್ ಎದ್ದಿತು. ಒಳಗೆ ತುಕ್ಕು. ಸರಿ, ಎಲ್ಲವನ್ನೂ 304 ಅನ್ನುವ ಗ್ರೇಡಿನ ಸ್ಟೇನ್‌ಲೆಸ್‌ ಉಕ್ಕಿನಲ್ಲಿ ಮಾಡೋಣ ಅಂತ ಹೊರಟೆವು. ನೋಡಲು ಬಹಳ ಚೆನ್ನಾಗಿತ್ತು. ಹತ್ತಿಪ್ಪತ್ತು ಸಲ ತಿರುಗಿಸುವಷ್ಟರಲ್ಲಿ ಲಿವರ್ ಹಿಡಿದುಕೊಂಡುಬಿಟ್ಟಿತು. ಬಿಚ್ಚಿದರೆ ಕ್ಯಾಮ್ (ಲಿವರ್ ಜೊತೆ ತಿರುಗಿ ಬಿಗಿ ಮಾಡುವ ಉಬ್ಬು ಭಾಗ) ಉಜ್ಜುವ ಜಾಗದಲ್ಲಿ ಲೋಹ ಕಿತ್ತು ಬಂದಿತ್ತು, ಯಾರೋ ಉಳಿಯಿಂದ ಕೆರೆದ ಹಾಗೆ. ನಮ್ಮ ಫಿನಿಶಿಂಗ್ ಸರಿಯಿಲ್ಲ ಅಂದುಕೊಂಡೆವು. ಇನ್ನೂ ನುಣುಪು ಮಾಡಿದೆವು. ಮತ್ತೆ ಹಿಡಿದುಕೊಂಡಿತು. ಅಳತೆಯಲ್ಲಿ ಸ್ವಲ್ಪ ಸಡಿಲ ಬಿಟ್ಟೆವು. ಮತ್ತೆ ಅದೇ. ಗ್ರೀಸ್ ಹಾಕಿದೆವು, ತೊಳೆಯುವಾಗ ಹೋಯಿತು. 7 ತಿಂಗಳಲ್ಲಿ ಗೋಡೆಯ ಮೇಲೆ 11 ಗೆರೆ.

ಆ ದಿನಗಳಲ್ಲಿ ನನಗಿದ್ದ ಬೇಜಾರು ಸೋಲಿನದ್ದಲ್ಲ. ಕೇಳೋಕೆ ಯಾರೂ ಇಲ್ಲ ಅನ್ನೋದು. ಡ್ರಾಯಿಂಗ್ ಕಳಿಸಿದರೆ ಉತ್ತರ ಬರುತ್ತದೆ, ಆದರೆ ಡ್ರಾಯಿಂಗ್‌ನಲ್ಲಿ ಇರುವುದಕ್ಕೆ ಮಾತ್ರ. ಕಿತ್ತುಹೋದ ಆ ಮೇಲ್ಮೈಯನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಓರೆಯಾಗಿ ತೋರಿಸಿ 'ಇದು ಯಾಕೆ ಹೀಗೆ?' ಅಂತ ಕೇಳಬೇಕಿತ್ತು. ಅದು ಫೋನಿನಲ್ಲಿ ಆಗುವ ಕೆಲಸವಲ್ಲ.

ಇದೇ ಕಾರಣಕ್ಕೆ ಜಾಗ ಬದಲಾಯಿಸುವ ಯೋಚನೆ ಬಂತು. ಲೋಹದ ಕೆಲಸದವರೇ ತುಂಬಿರುವ ಒಂದು ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಶೆಡ್ ಸಿಕ್ಕಿತು. ಬಾಡಿಗೆ ಜಾಸ್ತಿ, ಜಾಗ ಅರ್ಧ. ಲೆಕ್ಕ ಹಾಕಿದಾಗ ಎಲ್ಲೂ ಲಾಭ ಕಾಣಲಿಲ್ಲ. ಕಾಗದದ ಮೇಲಿನ ಆ ಲೆಕ್ಕದಲ್ಲಿ ಒಂದು ಸುತ್ತಿಗೆ ಎಷ್ಟು ದಿನ ಅನ್ನುವ ಕಾಲಮ್ ಇರಲಿಲ್ಲ. ಅದನ್ನು ನಾನೇ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆದುಕೊಂಡೆ.

ಆಗ ಎದುರಾಯಿತು ನೋಡಿ, ಉದ್ಯಮ ಉದ್ಯಮಕ್ಕೂ ಇರುವ ವ್ಯತ್ಯಾಸ.

ನಮಗೆ ವಾಹನದ ಬಿಡಿಭಾಗ ಮಾಡುವ ಒಬ್ಬ ಗಿರಾಕಿ ಇದ್ದರು. ವರ್ಷಗಳಿಂದ ಒಂದೇ ಪಿನ್. ಸಾವಿರಗಟ್ಟಲೆ. ಆ ಪಿನ್ನಿನ ತುದಿಯಲ್ಲಿ ಬರುವ ಬರ್ (ಕಡಿದಾಗ ಅಂಚಿನಲ್ಲಿ ಉಳಿಯುವ ಚೂಪಾದ ಲೋಹದ ಚೂರು) ತೆಗೆಯೋಕೆ ಒಬ್ಬ ಕೆಲಸಗಾರ ದಿನವಿಡೀ ಕೂರಬೇಕಿತ್ತು. ಟೂಲ್ ಬರುವ ದಿಕ್ಕನ್ನು ತಿರುಗಿಸಿದರೆ ಬರ್ ಬರುವುದೇ ಇಲ್ಲ ಅಂತ ನಮ್ಮ ಒಬ್ಬ ಆಪರೇಟರ್ ಕಂಡುಹಿಡಿದ. ನಿಜಕ್ಕೂ ಚೆಂದದ ಕೆಲಸ. ಖುಷಿಯಿಂದ ಗಿರಾಕಿಗೆ ಹೇಳಿದೆ. ಮಾಡಬೇಡಿ ಅಂದರು. ವಾಹನ ಉದ್ಯಮದಲ್ಲಿ ಪಿಪಿಎಪಿ ಅಂತ ಒಂದು ಕ್ರಮ ಇದೆ. ಒಂದು ಭಾಗವನ್ನು ಹೇಗೆ ಮಾಡುತ್ತೇವೆ, ಯಾವ ಮಷಿನ್, ಯಾವ ಹಂತ, ಹೇಗೆ ಅಳೆಯುತ್ತೇವೆ ಎಲ್ಲವನ್ನೂ ಬರೆದು, ಸ್ಯಾಂಪಲ್ ಕೊಟ್ಟು ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಸಿಕ್ಕ ಮೇಲೆ ಮಾಡುವ ರೀತಿಯನ್ನು ಗಿರಾಕಿಗೆ ಹೇಳದೆ ಬದಲಾಯಿಸುವ ಹಾಗಿಲ್ಲ. ಹೇಳಿದರೆ ಮತ್ತೆ ಒಪ್ಪಿಗೆಯ ಕೆಲಸ. ಒಂದು ಪಿನ್ನಿನ ಬರ್‌ಗೋಸ್ಕರ ಅವರು ಅಷ್ಟು ಕಷ್ಟ ಯಾಕೆ ಪಡಬೇಕು? ಆಪರೇಟರ್ ಮುಖ ಸಣ್ಣದಾಯಿತು. ನನಗೂ ಬೇಸರವಾಯಿತು. ಆದರೆ ಬ್ರೇಕಿನ ಹತ್ತಿರ ಕೂರುವ ಪಿನ್ ಅದು. ಯಾರೋ ಒಬ್ಬರು ಸುಮ್ನೆ ಏನೋ ಬದಲಾಯಿಸಿ, ಲಕ್ಷ ಗಾಡಿಗಳನ್ನು ವಾಪಸ್ ಕರೆಸಬೇಕಾಗಿ ಬಂದರೆ? ಆ ಉದ್ಯಮದ ಹೆದರಿಕೆ ಸುಳ್ಳಲ್ಲ.

ಜಾಗ ಬದಲಾಯಿಸುವ ವಿಷಯ ಹೇಳಿದಾಗ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು. ಅದೇ ಮಷಿನ್, ಅದೇ ಜನ, ಅದೇ ಡ್ರಾಯಿಂಗ್. ಆದರೂ ಮಾಡುವ ಜಾಗ ಬದಲಾದರೆ ವಾಹನದವರಿಗೆ ಅದು ಹೊಸ ಪಿನ್. ಮೊದಲಿನಿಂದ ಎಲ್ಲ ಕಾಗದ, ಎಲ್ಲ ಅಳತೆ, ಎಲ್ಲ ಸ್ಯಾಂಪಲ್. ಮುಂದೆ ಬೇಕಾಗುವಷ್ಟು ಪಿನ್ನು ಮೊದಲೇ ಮಾಡಿಟ್ಟು, ಮಷಿನ್ ಎತ್ತಿ, ಹೊಸ ಜಾಗದಲ್ಲಿ ಕೂರಿಸಿ, ಒಪ್ಪಿಗೆ ಬರುವ ತನಕ ಉಸಿರು ಹಿಡಿದು ಕಾದೆವು. ಬಾಟ್ಲಿಂಗ್ ಪ್ಲಾಂಟ್‌ನವರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಫೋನ್ ನಂಬರ್ ಅದೇ ತಾನೇ?"

ಈ ಇಬ್ಬರು ಗಿರಾಕಿಗಳ ಮಧ್ಯೆ ನಿಂತಾಗ ಒಂದು ವಿಷಯ ಹೊಳೆಯಿತು. ಒಂದು ಸುತ್ತಿಗೆ ಎಷ್ಟು ದಿನ ಬೇಕು ಅನ್ನುವುದನ್ನು ಜಾಗ ತೀರ್ಮಾನಿಸುತ್ತದೆ. ಎಷ್ಟು ಸುತ್ತು ಹೊಡೆಯಲು ಬಿಡುತ್ತಾರೆ ಅನ್ನುವುದನ್ನು ಉದ್ಯಮ ತೀರ್ಮಾನಿಸುತ್ತದೆ. ಆಮೇಲೆ ನಡೆದ ಎಲ್ಲವನ್ನೂ ನಾನು ಇದೇ ಕಣ್ಣಿನಿಂದ ನೋಡಿದ್ದೇನೆ.

ಹೊಸ ಜಾಗಕ್ಕೆ ಬಂದ ಎರಡನೇ ವಾರ. ಗೋಡೆಯಾಚೆಗೆ ಹಾರ್ಡನಿಂಗ್ ಮಾಡುವವರ ಶೆಡ್. ಬೇರೆ ಯಾವುದೋ ಕೆಲಸಕ್ಕೆ ಹೋಗಿದ್ದೆ. ಜೇಬಿನಲ್ಲಿ ಆ ಹಿಡಿದುಕೊಂಡ ಕ್ಲ್ಯಾಂಪ್ ಇತ್ತು, ಸುಮ್ನೆ ತೋರಿಸಿದೆ. ಫರ್ನೆಸ್ ಮುಂದೆ ನಿಂತಿದ್ದ ಆ ಹಿರಿಯರು ಕೈಗೆ ತೆಗೆದುಕೊಂಡು ಉಗುರಿನಿಂದ ಕೆರೆದು ನೋಡಿದರು.

"ಎರಡೂ 304ಆ?"

"ಹೌದು."

"ಸ್ಟೇನ್‌ಲೆಸ್ ಮೇಲೆ ಅದೇ ಸ್ಟೇನ್‌ಲೆಸ್ ಉಜ್ಜಬಾರದು ಸರ್. ಅಂಟ್ಕೊಂಡುಬಿಡುತ್ತೆ. ಕ್ಯಾಮ್‌ನ 420ರಲ್ಲಿ ಮಾಡಿ ಕೊಡಿ, ನಾನು ಗಟ್ಟಿ ಮಾಡಿಕೊಡ್ತೀನಿ. ಕೆಳಗೆ ಒಂದು ಪ್ಲಾಸ್ಟಿಕ್ ವಾಷರ್ ಹಾಕಿ."

ಅಷ್ಟೇ. ಒಂದು ನಿಮಿಷವೂ ಆಗಲಿಲ್ಲ.

ಕಾರಣ ಆಮೇಲೆ ಪೂರ್ತಿ ತಿಳಿದುಕೊಂಡೆ. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಹಿಡಿಯದಿರುವುದು ಅದರಲ್ಲಿನ ಕ್ರೋಮಿಯಂನಿಂದ. ಮೇಲೆ ತೆಳ್ಳಗಿನ ಒಂದು ಪೊರೆ ತಾನೇ ಕಟ್ಟಿಕೊಳ್ಳುತ್ತದೆ. ಒತ್ತಿ ಉಜ್ಜಿದಾಗ ಆ ಪೊರೆ ಹರಿಯುತ್ತದೆ. ಒಳಗಿನ ಬರಿಯ ಲೋಹಕ್ಕೆ ಬರಿಯ ಲೋಹ ತಾಗಿ, ಬಿಸಿ ಇಲ್ಲದೆಯೇ ಬೆಸೆದುಕೊಳ್ಳುತ್ತದೆ. ಕಸುಬಿನಲ್ಲಿ ಇದಕ್ಕೆ ಗ್ಯಾಲಿಂಗ್ ಅನ್ನುತ್ತಾರೆ. ಎರಡು ಬೇರೆ ಗಡಸುತನದ ಉಕ್ಕು ಬಳಸಿದರೆ ಈ ಕಾಟ ಕಡಿಮೆ. ಇದೇನು ಗುಟ್ಟಲ್ಲ, ಪುಸ್ತಕಗಳಲ್ಲಿ ಇದೆ. ಆದರೆ ಹುಡುಕಬೇಕಾದ ಪದವೇ ನನಗೆ ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ ಕಾಯಿಲೆಗೆ ಪುಸ್ತಕದಲ್ಲಿ ಮದ್ದು ಹುಡುಕೋದು ಹೇಗೆ?

ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಇದನ್ನು ಬರೆದಿದ್ದರಂತೆ. ಒಂದೇ ಕಸುಬಿನವರು ಒಂದೇ ಕಡೆ ಬಹಳ ಕಾಲ ನೆಲೆಸಿದರೆ ಕಸುಬಿನ ಗುಟ್ಟುಗಳು ಗುಟ್ಟಾಗಿ ಉಳಿಯುವುದಿಲ್ಲ, ಗಾಳಿಯಲ್ಲೇ ಇರುತ್ತವೆ, ಮಕ್ಕಳು ಕೂಡ ಗೊತ್ತಿಲ್ಲದ ಹಾಗೆ ಕಲಿಯುತ್ತಾರೆ ಅಂತ. ಅವರ ಮನಸ್ಸಿನಲ್ಲಿದ್ದ ಊರುಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಒಂದು. ಚಾಕು ಚೂರಿ ಮಾಡುವವರ ಊರು. ಓದುತ್ತಾ ಹೋದಾಗ ನನಗೆ ಮೈ ಜುಂ ಅಂದ ಸಂಗತಿ ಬೇರೆ ಇತ್ತು. 1913ರಲ್ಲಿ ಅದೇ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬುವರು ಬಂದೂಕಿನ ನಳಿಗೆ ಸವೆಯದಂಥ ಉಕ್ಕು ಹುಡುಕುತ್ತಿದ್ದರು. ಅವರು ಕರಗಿಸಿದ ಒಂದು ಉಕ್ಕಿನಲ್ಲಿ ಸುಮಾರು ಶೇ. 12.8 ಕ್ರೋಮಿಯಂ ಇತ್ತು. ಅದಕ್ಕೆ ತುಕ್ಕು ಹಿಡಿಯಲಿಲ್ಲ. ಬಂದೂಕಿನವರಿಗೆ ಅದು ಅಷ್ಟೇನೂ ದೊಡ್ಡ ವಿಷಯವಾಗಲಿಲ್ಲ. ಆದರೆ ಅದೇ ಊರಿನಲ್ಲಿ ಊಟದ ಚಾಕು ಮಾಡುವವರಿದ್ದರು. ಮೊದಲು ಮಾಡಿದ ಚಾಕುಗಳು ಸರಿ ಬರಲಿಲ್ಲ. ಈ ಉಕ್ಕನ್ನು ಕಾಯಿಸುವ, ಬಡಿಯುವ ರೀತಿಯೇ ಬೇರೆ. ಒಂದು ಚಾಕು ಕಾರ್ಖಾನೆಯ ಅರ್ನೆಸ್ಟ್ ಸ್ಟುವರ್ಟ್ ಕೆಲವು ಪ್ರಯತ್ನಗಳ ನಂತರ ಅದನ್ನು ಸಾಧಿಸಿದರು. ನಮ್ಮ ಪಕ್ಕದ ಶೆಡ್ಡಿನ ಹಿರಿಯರು ಹೇಳಿದ 420 ಗ್ರೇಡ್, ಬ್ರಿಯರ್ಲಿಯ ಆ ಉಕ್ಕಿಗೆ ಹತ್ತಿರದ ನೆಂಟ. ನೂರು ವರ್ಷದ ಹಿಂದಿನ ಒಂದು ಊರಿನ ಅಕ್ಕಪಕ್ಕದ ಮಾತುಕತೆ ನಮ್ಮ ಕ್ಲ್ಯಾಂಪ್‌ನ ಒಳಗೆ ಕೂತಿದೆ ಅನ್ನಿಸಿ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತೆ.

ಒಂದು ಮಾತು ಸೇರಿಸಬೇಕು. ಆ ಒಂದು ನಿಮಿಷದ ಉತ್ತರ ನನಗೆ ಅರ್ಥವಾಗಿದ್ದು ಹಿಂದಿನ 7 ತಿಂಗಳ ಪರದಾಟದಿಂದ. ಮೊದಲ ದಿನವೇ ಹೇಳಿದ್ದರೆ ತಲೆಯಾಡಿಸಿ ಮರೆತುಬಿಡುತ್ತಿದ್ದೆ. ಅದೇ ಎಸ್ಟೇಟ್‌ನಲ್ಲಿ ಇಪ್ಪತ್ತು ವರ್ಷದಿಂದ ಇದ್ದು, ಪಕ್ಕದವರನ್ನು ಒಂದು ಪ್ರಶ್ನೆಯನ್ನೂ ಕೇಳದ ವರ್ಕ್‌ಶಾಪ್‌ಗಳನ್ನು ನೋಡಿದ್ದೇನೆ. ಅಕ್ಕಪಕ್ಕ ಇದ್ದ ಮಾತ್ರಕ್ಕೆ ಏನೂ ಬರುವುದಿಲ್ಲ. ಜೇಬಿನಲ್ಲಿ ಒಂದು ಕೆಟ್ಟುಹೋದ ಸ್ಯಾಂಪಲ್ ಇರಬೇಕು.

ಆಮೇಲಿನ 6 ವಾರದಲ್ಲಿ 14 ಸುತ್ತು. ಬೆಳಿಗ್ಗೆ ಲೇತ್, ಮಧ್ಯಾಹ್ನ ಹಾರ್ಡನಿಂಗ್‌ಗೆ, ಮರುದಿನ ಗ್ರೈಂಡಿಂಗ್, ಸಂಜೆಗೆ ಜೋಡಣೆ. ತೆಳ್ಳಗಿನ ಲಿವರ್ ಹಾರ್ಡನಿಂಗ್‌ನಲ್ಲಿ ಬಾಗಿತು. ಲಿವರ್ ಬೇರೆ, ಕ್ಯಾಮ್ ಬೇರೆ ಮಾಡಿದೆವು. ಪಿನ್ ಸಡಿಲವಾಯಿತು, ಅದನ್ನೂ ಸರಿ ಮಾಡಿದೆವು.

ಆದರೆ ಬಾಟ್ಲಿಂಗ್ ಪ್ಲಾಂಟ್ ಈಗ ದೂರ. ಹಾಕಿ ನೋಡುವುದು ಎಲ್ಲಿ? ನಾವೇ ಒಂದು ಟೆಸ್ಟ್ ರಿಗ್ ಮಾಡಿಕೊಂಡೆವು. ಸಣ್ಣ ಮೋಟರ್ ಲಿವರನ್ನು ಎತ್ತಿ ಇಳಿಸುತ್ತದೆ, ಮೇಲಿಂದ ನೀರು ಚಿಮ್ಮುತ್ತದೆ. ಹಗಲು ರಾತ್ರಿ ಓಡಿಸಿದೆವು. 50,000 ಸಲ ದಾಟಿದರೂ ಏನೂ ಆಗಲಿಲ್ಲ. ಗೆದ್ದೆವು ಅಂದುಕೊಂಡು 24 ಕ್ಲ್ಯಾಂಪ್ ಕಳಿಸಿದೆವು. ಮೂರನೇ ವಾರಕ್ಕೆ ಫೋನ್. ಲಿವರ್‌ಗಳು ಬಿಗಿಯಾಗಿ ನಿಂತುಬಿಟ್ಟಿವೆ. ಅಲ್ಲಿ ಬೀಳುವುದು ಬರೀ ನೀರಲ್ಲವಲ್ಲ, ಬಾಟಲಿಯಿಂದ ಚೆಲ್ಲಿದ ಸಿಹಿ ದ್ರವ. ಸಂದಿಯೊಳಗೆ ಹೋಗಿ ಒಣಗಿ ಗೋಂದಿನ ಹಾಗೆ ಆಗುತ್ತದೆ. ಹಳೆಯ ಜಾಗದಲ್ಲಿದ್ದರೆ ಇದು ನನಗೆ ಮೊದಲ ವಾರವೇ ಕಣ್ಣಿಗೆ ಬೀಳುತ್ತಿತ್ತು. ಉತ್ತರ ಗೊತ್ತಿರುವವರ ಹತ್ತಿರ ಬಂದು, ಕಷ್ಟ ಗೊತ್ತಿರುವವರಿಂದ ದೂರವಾಗಿದ್ದೆ. ಸಣ್ಣ ವರ್ಕ್‌ಶಾಪ್ ಒಂದೇ ಸಲ ಎರಡು ಕಡೆ ಇರೋಕಾಗಲ್ಲ. ಸಂದಿ ದೊಡ್ಡದು ಮಾಡಿ, ದ್ರವ ಹರಿದು ಹೋಗಲು ಒಂದು ಕಾಲುವೆ ಕೊರೆದೆವು. ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ತಿಂಗಳಿಗೆ ಎರಡು ದಿನ ನಮ್ಮಲ್ಲೊಬ್ಬರು ಆ ಪ್ಲಾಂಟ್‌ನಲ್ಲಿ ಇರಬೇಕು. ಕೆಲಸ ಇರಲಿ, ಬಿಡಲಿ.

ಎಸ್ಟೇಟ್‌ನ ಇನ್ನೊಂದು ಮುಖವನ್ನೂ ಹೇಳಬೇಕು. ಬಂದ ಎರಡನೇ ವರ್ಷ ನಮ್ಮ ಒಳ್ಳೆಯ ಸಿಎನ್‌ಸಿ ಪ್ರೋಗ್ರಾಮರ್ ಕೆಲಸ ಬಿಟ್ಟು, ಎರಡು ರಸ್ತೆ ಆಚೆ ಸ್ವಂತ ಶೆಡ್ ಹಾಕಿದ. ಕೆಲವೇ ತಿಂಗಳಲ್ಲಿ ನಮ್ಮದರಂಥದ್ದೇ ಒಂದು ಕ್ಲ್ಯಾಂಪ್ ಮಾರುಕಟ್ಟೆಯಲ್ಲಿ ಕಾಣಿಸಿತು. ಅವನು ಮಾಡಿದ್ದಲ್ಲ, ಬೇರೆ ಯಾರೋ. ಗಾಳಿಯಲ್ಲಿ ಇರುವುದು ನಮ್ಮ ಕಡೆಗೆ ಮಾತ್ರ ಬೀಸುತ್ತದೆಯೇ? ಎರಡೂ ನನಗೆ ನೋವಾದ ಸಂಗತಿಗಳೇ. ಹಳೆಯ ಜಾಗದಲ್ಲಿ ಇದು ಆಗುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಓದಿದ ಒಂದು ವಿಷಯ ಸ್ವಲ್ಪ ಸಮಾಧಾನ ಕೊಟ್ಟಿತು. ಅಮೆರಿಕದ ಇಂಡಿಯಾನಾದಲ್ಲಿ ವಾರ್ಸಾ ಅಂತ ಒಂದು ಸಣ್ಣ ಪಟ್ಟಣ. 1895ರಲ್ಲಿ ಅಲ್ಲಿ ರೆವ್ರಾ ಡಿಪ್ಯೂ ಎಂಬುವರು ಮುರಿದ ಮೂಳೆಗೆ ಕಟ್ಟುವ ಸ್ಪ್ಲಿಂಟ್ ಮಾಡುವ ಕಂಪನಿ ಶುರು ಮಾಡಿದರು. ಅಲ್ಲಿ ಕೆಲಸ ಮಾಡಿದ್ದ ಜಸ್ಟಿನ್ ಜಿಮ್ಮರ್ 1927ರಲ್ಲಿ ಹೊರಬಂದು ಅದೇ ಪಟ್ಟಣದಲ್ಲಿ ತಮ್ಮದೇ ಕಂಪನಿ ಕಟ್ಟಿದರು. 1977ರಲ್ಲಿ ಬಯೋಮೆಟ್ ಬಂತು. ಕೃತಕ ಮಂಡಿ, ಸೊಂಟದ ಕೀಲು ಮಾಡುವ ಕಂಪನಿಗಳಿಗೆ ಇವತ್ತು ಆ ಪಟ್ಟಣ ಜಗತ್ತಿನಲ್ಲೇ ಹೆಸರುವಾಸಿ. ಒಬ್ಬರು ಬಿಟ್ಟು ಹೋದರೆ ಕಳೆದುಕೊಂಡವರಿಗೆ ನಷ್ಟ, ಆದರೆ ಆ ಜಾಗಕ್ಕೆ ಗಳಿಕೆ. ನಮ್ಮ ಪ್ರೋಗ್ರಾಮರ್ ಈಗ ಐದು ಅಕ್ಷದ ಮಷಿನ್ ತಂದಿದ್ದಾನೆ. ಅಂಥದ್ದನ್ನು ಕೊಳ್ಳುವ ಶಕ್ತಿ ನಮಗಿಲ್ಲ. ಬೇಕಾದಾಗ ಅವನ ಹತ್ತಿರವೇ ಹೋಗುತ್ತೇನೆ. "ಬನ್ನಿ ಸರ್, ಕೂತ್ಕೊಳ್ಳಿ" ಅಂತ ಕುರ್ಚಿ ಎಳೆಯುತ್ತಾನೆ. ನೋವು ಪೂರ್ತಿ ಹೋಗಿಲ್ಲ. ಆದರೂ ಹೋಗುತ್ತೇನೆ.

ಮೂರನೇ ಬಗೆಯ ಗಿರಾಕಿ ಸಿಕ್ಕಿದ್ದು ಎಸ್ಟೇಟ್‌ಗೆ ಬಂದಿದ್ದರಿಂದಲೇ. ಮೂಳೆ ಜೋಡಿಸುವ ಸ್ಕ್ರೂ ಮಾಡಿಸುವವರು. ಅದಕ್ಕೆ ಸ್ಲೈಡಿಂಗ್ ಹೆಡ್ ಲೇತ್ ಬೇಕು. ನಮ್ಮ ಕಸುಬಿನಲ್ಲಿ ಅದನ್ನು ಸ್ವಿಸ್ ಲೇತ್ ಅನ್ನುತ್ತೇವೆ. ಉದ್ದನೆಯ, ಸಪೂರ ತುಂಡು ಟೂಲಿನ ಒತ್ತಡಕ್ಕೆ ಬಾಗದ ಹಾಗೆ, ಕಡಿಯುವ ಜಾಗದ ಪಕ್ಕದಲ್ಲೇ ಹಿಡಿದುಕೊಂಡಿರುವ ಮಷಿನ್ ಅದು. 1870ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಗಡಿಯಾರದ ಪುಟ್ಟ ಸ್ಕ್ರೂಗಳಿಗೋಸ್ಕರ ಹುಟ್ಟಿದ್ದು. ಗಡಿಯಾರಕ್ಕೆ ಅಂತ ಮಾಡಿದ್ದು ಇವತ್ತು ಮನುಷ್ಯನ ಮೂಳೆಯ ಸ್ಕ್ರೂ ಮಾಡುತ್ತಿದೆ.

ಆ ಗಡಿಯಾರದವರ ಪಾಡು ಓದಿ ನಾನು ನಮ್ಮ ಎಸ್ಟೇಟ್ ಬಗ್ಗೆಯೂ ಯೋಚಿಸಿದ್ದುಂಟು. 1967ರಲ್ಲೇ ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್‌ನ ಸಂಶೋಧನಾಲಯದಲ್ಲಿ, ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ತಯಾರಾಗಿತ್ತು. ಆದರೆ 1969ರ ಡಿಸೆಂಬರ್‌ನಲ್ಲಿ ಅಂಥ ವಾಚನ್ನು ಮೊದಲು ಮಾರಿದ್ದು ಜಪಾನಿನ ಸೈಕೋ. 1970ರ ಹೊತ್ತಿಗೆ ಸ್ವಿಸ್ ಗಡಿಯಾರ ಉದ್ಯಮದಲ್ಲಿದ್ದ ಸುಮಾರು 90,000 ಕೆಲಸಗಳು 1980ರ ದಶಕದ ಮಧ್ಯದ ಹೊತ್ತಿಗೆ ಮೂರನೇ ಒಂದು ಭಾಗದಷ್ಟಕ್ಕೆ ಇಳಿದವು. ತಿಳಿವಳಿಕೆ ಆ ಗಡಿಯಾರದವರ ನಾಡಿನೊಳಗೇ ಇತ್ತು. ಆದರೆ ಸುತ್ತಲಿನವರೆಲ್ಲ ಹಲ್ಲಿನ ಚಕ್ರ, ಸ್ಪ್ರಿಂಗ್ ಮಾಡುವವರೇ. ಎಲ್ಲರೂ ಒಂದೇ ಕಡೆ ನೋಡುತ್ತಿದ್ದಾಗ ಬೇರೆ ಕಡೆಯಿಂದ ಬರುವುದು ಯಾರಿಗೆ ಕಾಣಬೇಕು? ನಮ್ಮ ಎಸ್ಟೇಟ್‌ನಲ್ಲೂ ಮುಕ್ಕಾಲು ಜನ ಎಂಜಿನ್ ಬಿಡಿಭಾಗದವರು. ಎಲೆಕ್ಟ್ರಿಕ್ ಗಾಡಿಗಳ ಮಾತು ಬಂದಾಗ "ಅದು ಇನ್ನೂ ದೂರ ಬಿಡಿ" ಅಂತ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಕೇಳುವಾಗ ಹೆದರಿಕೆ ಆಗುತ್ತದೆ.

ವೈದ್ಯಕೀಯ ಕೆಲಸದ ರೀತಿ ಬೇರೆಯೇ. ಐಎಸ್‌ಒ 13485 ಅನ್ನುವ ಗುಣಮಟ್ಟದ ಕ್ರಮಕ್ಕೆ ನಾವು ಒಳಪಡಬೇಕಾಯಿತು. ಪ್ರತಿ ಟೈಟಾನಿಯಂ ಬಾರ್ ಯಾವ ಸಲ ಕರಗಿಸಿದ ಲೋಹದಿಂದ ಬಂತು, ಅದರಿಂದ ಯಾವ ಸ್ಕ್ರೂಗಳಾದವು, ಯಾರು ತೊಳೆದರು, ಯಾವ ಅಳತೆ ಸಾಧನ, ಎಲ್ಲಕ್ಕೂ ಲೆಕ್ಕ. ಮಷಿನ್ ಸರಿಯಾಗಿ ಕೂತಿದೆಯಾ, ಅಂಚಿನ ಮಟ್ಟದಲ್ಲಿ ಓಡಿಸಿದರೂ ಸರಿ ಬರುತ್ತದಾ, ದಿನಗಟ್ಟಲೆ ಓಡಿಸಿದರೂ ಸರಿ ಇರುತ್ತದಾ ಅಂತ ಮೂರು ಹಂತದಲ್ಲಿ ತೋರಿಸಬೇಕು. ಮೊದಲ ಸ್ಕ್ರೂ ಒಪ್ಪಿಗೆಯಾಗಿ ಹೊರಗೆ ಹೋಗುವಷ್ಟರಲ್ಲಿ ಒಂದು ವರ್ಷ ದಾಟಿತ್ತು. ಕಡಿಯುವಾಗ ತಂಪು ಮಾಡುವ ಕೂಲೆಂಟ್ ದ್ರವದ ಬ್ರ್ಯಾಂಡ್ ಬದಲಾಯಿಸಬೇಕಾದರೂ ಮೊದಲು ಬರೆದು ತಿಳಿಸಬೇಕು.

ವಾಹನದವರ ಬಿಗಿಯೂ ಇದೇ ಅಲ್ವಾ ಅನ್ನಿಸಬಹುದು. ಅಲ್ಲ. ಅಲ್ಲಿ ಡ್ರಾಯಿಂಗ್ ಪೂರ್ತಿ ಸಿದ್ಧವಾದ ಮೇಲೆ ನಮ್ಮ ಕೈಗೆ ಬರುತ್ತಿತ್ತು. ಇಲ್ಲಿ ಒಬ್ಬ ಶಸ್ತ್ರಚಿಕಿತ್ಸಕರು, ಒಬ್ಬ ಡಿಸೈನರ್, ನಾವು ಒಂದೇ ಮೇಜಿನ ಸುತ್ತ ಕೂತೆವು. ಸ್ಕ್ರೂ ತಲೆಯ ಗುಳಿ ಎಷ್ಟು ಆಳ ಇದ್ದರೆ ಡ್ರೈವರ್ ಜಾರುವುದಿಲ್ಲ ಅನ್ನುವುದನ್ನು ನಮ್ಮ ಟರ್ನರ್ ಹೇಳಿದರು, ಡಾಕ್ಟರ್ ಕಿವಿಗೊಟ್ಟು ಕೇಳಿದರು. "ನೀವು ಹೇಳಿದ್ದು ಸರಿ, ನನ್ನ ಕೈಗೂ ಹಾಗೇ ಅನ್ಸಿತ್ತು" ಅಂದರು. ಆ ಸಂಜೆ ಟರ್ನರ್ ಮುಖ ನೋಡಬೇಕಿತ್ತು. ಜರ್ಮನಿಯ ಟುಟ್ಲಿಂಗನ್ ಎಂಬ ಸಣ್ಣ ಪಟ್ಟಣ ಮತ್ತು ಅದರ ಸುತ್ತಮುತ್ತ ವೈದ್ಯಕೀಯ ಉಪಕರಣ ಮಾಡುವ 400ಕ್ಕೂ ಹೆಚ್ಚು ಕಂಪನಿಗಳಿವೆ. ಅಲ್ಲಿ 1867ರಲ್ಲಿ ಗಾಟ್‌ಫ್ರೀಡ್ ಯೆಟ್ಟರ್ ಶುರು ಮಾಡಿದ ಸಣ್ಣ ವರ್ಕ್‌ಶಾಪ್ ಮುಂದೆ ಈಸ್ಕುಲಾಪ್ ಎಂಬ ದೊಡ್ಡ ಕಂಪನಿಯಾಯಿತು. ಕತ್ತರಿ ಹಿಡಿಯುವ ಕೈಯೂ ಕತ್ತರಿ ಮಾಡುವ ಕೈಯೂ ಮಾತಾಡಿಕೊಳ್ಳುವ ಜಾಗದಲ್ಲಿ ಅಂಥದ್ದು ಬೆಳೆದಿರುವುದು ನನಗೆ ಆಶ್ಚರ್ಯವೇನಲ್ಲ. ಈ ಉದ್ಯಮದಲ್ಲಿ, ಇನ್ನು ಬದಲಾಯಿಸುವ ಹಾಗಿಲ್ಲ ಅಂತ ಬೀಗ ಹಾಕುವ ಮುಂಚೆ ಬೇಕಾದಷ್ಟು ಸುತ್ತು ಹೊಡೆಯಲು ಬಿಡುತ್ತಾರೆ. ಬಾಟಲಿಯವರಲ್ಲಿ ಬೀಗವೇ ಇಲ್ಲ. ವಾಹನದವರಲ್ಲಿ ನಾವು ಬರುವ ಮೊದಲೇ ಬೀಗ ಬಿದ್ದಿರುತ್ತದೆ.

ಈ ಮಧ್ಯೆ ಸಣ್ಣ ಉದ್ಯಮಗಳ ಹೊಸತನದ ಬಗ್ಗೆ ಒಂದು ಸಮೀಕ್ಷೆಯ ಫಾರಂ ಬಂತು. ಕಳೆದ ಮೂರು ವರ್ಷದಲ್ಲಿ ಸಂಶೋಧನೆಗೆ ಎಷ್ಟು ಖರ್ಚು? ಸೊನ್ನೆ. ಪೇಟೆಂಟ್? ಸೊನ್ನೆ. ಸಂಶೋಧನಾ ಸಿಬ್ಬಂದಿ? ಇಲ್ಲ. ಬರೆದು ನೋಡಿದರೆ ನಾವು ಏನೂ ಮಾಡಿಲ್ಲ ಅನ್ನುವ ಹಾಗಿತ್ತು. ಗೋಡೆಯ ಮೇಲಿನ ಗೆರೆಗಳಿಗೆ ಅಲ್ಲಿ ಜಾಗವಿರಲಿಲ್ಲ. ಇಂಥ ಅಳತೆಗೆ ಜಗತ್ತಿನ ಬಹಳ ದೇಶಗಳು ಅನುಸರಿಸುವ ಓಸ್ಲೊ ಕೈಪಿಡಿ ಮೊದಲು ಬಂದಿದ್ದು 1992ರಲ್ಲಿ. ಅದರ ಪ್ರಕಾರ ಜಗತ್ತಿಗೇ ಹೊಸದಾಗಿರಬೇಕಿಲ್ಲ, ಆ ಸಂಸ್ಥೆಗೆ ಹೊಸದಾಗಿದ್ದರೂ ಅದು ಹೊಸತನವೇ. 2018ರ ಆವೃತ್ತಿಯಲ್ಲಿ ವಸ್ತುವಿನ ಜೊತೆಗೆ ಕೆಲಸ ಮಾಡುವ ರೀತಿಯನ್ನೂ ಸಮನಾಗಿ ಇಟ್ಟಿದ್ದಾರೆ. ಇದನ್ನು ಓದಿದ ಮೇಲೆ ಬರ್ ಬಾರದ ಹಾಗೆ ಮಾಡಿದ ಆ ಆಪರೇಟರ್‌ನ ಕೆಲಸವನ್ನೂ ಫಾರಂನ ಕೊನೆಯ ಖಾಲಿ ಜಾಗದಲ್ಲಿ ಬರೆದೆ. ಪಿನ್ನಿನವರು ಒಪ್ಪದಿದ್ದರೂ ಅದೇ ಉಪಾಯವನ್ನು ಕ್ಲ್ಯಾಂಪ್‌ನಲ್ಲಿ ಬಳಸುತ್ತಿದ್ದೇವೆ.

ಬ್ರಿಟನ್ನಿನ ಸುಮಾರು 2000 ಹೊಸ ಆವಿಷ್ಕಾರಗಳನ್ನು ಜೋಡಿಸಿ ನೋಡಿ ಸಂಶೋಧಕ ಕೀತ್ ಪ್ಯಾವಿಟ್ 1984ರಲ್ಲಿ ಉದ್ಯಮಗಳನ್ನು ಗುಂಪು ಮಾಡಿದ್ದರು. ಕೆಲವು ಉದ್ಯಮಗಳಲ್ಲಿ ಹೊಸತನ ಪ್ರಯೋಗಾಲಯದಿಂದ ಬರುತ್ತದೆ, ಕೆಲವದರಲ್ಲಿ ಮಷಿನ್ ಮಾರುವವರ ಜೊತೆ ಬರುತ್ತದೆ, ಇನ್ನು ಕೆಲವದರಲ್ಲಿ ಬಳಸುವವರ ಜೊತೆಗಿನ ಮಾತುಕತೆಯಿಂದ ಬರುತ್ತದೆ ಅಂತ. ನಮ್ಮ ಒಂದೇ ಶೆಡ್ಡಿನಲ್ಲಿ ಇದರಲ್ಲಿ ಎರಡು ಗುಂಪು ಇವೆ. ಪಿನ್ನಿನ ಲೈನ್‌ನಲ್ಲಿ ಹೊಸದು ಅಂದರೆ ಮಷಿನ್ ಕಂಪನಿ ತಂದುಕೊಟ್ಟ ಹೊಸ ಟೂಲ್. ಕ್ಲ್ಯಾಂಪ್‌ನ ಬೆಂಚಿನಲ್ಲಿ ಹೊಸದು ಅಂದರೆ ಆ ಮೇಂಟೆನೆನ್ಸ್ ಹುಡುಗ ಹೇಳಿದ್ದು. ಇಡೀ ಸಂಸ್ಥೆಗೆ ಒಂದೇ ಅಂಕ ಕೊಡುವ ಫಾರಂಗೆ ಇದು ಹೇಗೆ ಕಾಣಬೇಕು?

ಹೋದ ವಾರ ಆ ಹುಡುಗನಿಂದ ಒಂದು ವಿಡಿಯೊ ಬಂತು. ಹುಡುಗ ಅನ್ನಬಾರದು, ಈಗ ಮೇಂಟೆನೆನ್ಸ್ ವಿಭಾಗದ ಮುಖ್ಯಸ್ಥ. ರಾತ್ರಿ ಪಾಳಿಯವರು ಪ್ರತಿ ಲಿವರ್‌ಗೂ ಒಂದೊಂದು ಹಗ್ಗದ ಕುಣಿಕೆ ಕಟ್ಟಿಕೊಂಡಿದ್ದಾರೆ. ಗ್ಲೌಸ್ ಹಾಕಿದ ಕೈಗೆ ಲಿವರ್ ಸಿಗುವುದಿಲ್ಲವಂತೆ. "ಸರ್, ಹಗ್ಗ ಕೊಳೆಯಾಗುತ್ತೆ, ಆಡಿಟ್‌ನವರು ಬೈತಾರೆ. ಇವರು ಬಿಚ್ಚಲ್ಲ ಅಂತಾರೆ. ನೋಡಿ ಒಂದ್ಸಲ" ಅಂದ.

ಟರ್ನರ್‌ಗೆ ತೋರಿಸಿದೆ. ಅವರು ಬೆಸುಗೆಯವರ ಚರ್ಮದ ಗ್ಲೌಸ್ ತರಿಸಿ ಹಾಕಿಕೊಂಡು ಲಿವರ್ ಎತ್ತಲು ನೋಡಿದರು. ಬೆರಳು ಜಾರಿತು. ಮತ್ತೆ ನೋಡಿದರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಬೆಂಚಿನ ಮೇಲೆ ಲಿವರ್‌ನ ತುದಿಗೆ ಒಂದು ಕೊಕ್ಕೆಯ ಆಕಾರ ಬರೆದರು. ಲಿವರ್ ಈಗ ಬೇರೆ ತುಂಡಾಗಿರುವುದರಿಂದ ಕ್ಯಾಮ್ ಮುಟ್ಟುವ ಅಗತ್ಯವೇ ಇಲ್ಲ. ಸಂಜೆ ನಾಲ್ಕು ಗಂಟೆಗೆ ಮಿಲ್ಲಿಂಗ್ ಮಷಿನ್ ಮೇಲೆ ಮೊದಲ ತುಂಡು ಏರಿತು. ಗೋಡೆಯ ಹತ್ತಿರ ಹೋಗಿ ನಾನು ಒಂದು ಗೆರೆ ಎಳೆದೆ.